ಬಿಡುವ ದಿನಕ್ಕೆ ಬಿಡುವ ಅಂಟು

ಒಬ್ಬ ಹುಡುಗಿಯ ಮುಂದಿನ ಹಲ್ಲುಗಳಿಗೆ ನಾನು ಜನ್ಮದಲ್ಲಿ ಬಿಡದ ಸಿಮೆಂಟು ಹಾಕಿದ್ದೇನೆ. ಹಾಕಿದ್ದಷ್ಟೇ ಅಲ್ಲ, ಹಾಕಿದ ಖುಷಿಗೆ ಜಮಖಂಡಿ ಬಸ್‌ಸ್ಟ್ಯಾಂಡಿನ ಎದುರು ನಿಂತು ಎರಡು ಪ್ಲೇಟು ಮಿರ್ಚಿ ತಿಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಬರೆಯಹೊರಟಿರುವುದು ಬಹಳ ಎತ್ತರದವರೊಬ್ಬರ ಬಗ್ಗೆ. ಗುಡ್ಡ ಎಷ್ಟು ಎತ್ತರ ಅಂತ ಫೋಟೋದಲ್ಲಿ ಗೊತ್ತಾಗಬೇಕಾದರೆ ಕೆಳಗೆ ಒಂದು ಕತ್ತೆಯನ್ನು ನಿಲ್ಲಿಸುತ್ತಾರಲ್ಲ, ಹಾಗೆ ನಾನು ಇಲ್ಲಿ ನಿಂತಿದ್ದೇನೆ ಎಂದು ತಿಳಿಯಿರಿ.

ಆಗಷ್ಟೇ ನಾನು ದಂತವೈದ್ಯನಾಗಿ ಮುಧೋಳಕ್ಕೆ ಮರಳಿದ್ದೆ. ಮುಧೋಳದ ನಾಯಿಯ ಹಾಗೆ ಉದ್ದ, ತೆಳ್ಳಗೆ, ಚೂಪು ಮೂತಿ, ಓಡುವುದೊಂದು ಬರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ನನ್ನನ್ನು ‘ಡಾಕ್ಟರ್’ ಎಂದೇ ಕರೆಯುತ್ತಿದ್ದರು, ಹಲ್ಲು ನೋವು ಬಂದಾಗ ಮಾತ್ರ ಬೇರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಹೆತ್ತ ಅವ್ವನೂ ನನ್ನೆದುರು ಬಾಯಿ ತೆರೆಯುತ್ತಿದ್ದುದು ಬೈಯಲಿಕ್ಕೆ ಮಾತ್ರ. ಕೊನೆಗೆ ಅಪ್ಪ ಬೇಸತ್ತು ನನ್ನನ್ನು ಜಮಖಂಡಿಯ ಬಾಯಾರ ದವಾಖಾನೆಗೆ ಸೇರಿಸಿದರು.

ಬಾಯಾರು ಎಂದರೆ ಅವರ ಹೆಸರಲ್ಲ. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೂ, ಡಾಕ್ಟರ್ ಆದ ಹೆಣ್ಣುಮಕ್ಕಳಿಗೂ ಹಾಗೆ ಕರೆಯುವುದು ರೂಢಿ. ಸೊಟ್ಟ ಹಲ್ಲಿಗೆ ತಂತಿ ಹಾಕಿ ನೆಟ್ಟಗೆ ಮಾಡುವುದರಲ್ಲಿ ಅವರು ತಜ್ಞರು. ಜಮಖಂಡಿ ಕೋರ್ಟಿನ ಹಳೆಯ ವಕೀಲರೊಬ್ಬರ ಮಗಳು. ವಾರದಲ್ಲಿ ಒಂದು ದಿನ ಮುಧೋಳ, ಒಂದು ದಿನ ರಬಕವಿ, ಉಳಿದಂತೆ ಜಮಖಂಡಿ ಪೇಟೆಯಲ್ಲಿ ಅರಿವೆ ಅಂಗಡಿಯ ಮೇಲಿನ ಎರಡು ಕೋಣೆಗಳು. ರಬಕವಿಯ ಕೈಮಗ್ಗದ ಸೀರೆ, ಅದರ ಮೇಲೆ ಬಿಳಿ ಕೋಟು. ಬಸ್ಸಿನಲ್ಲಿ ಹೋಗುವಾಗ ಉಪಕರಣಗಳ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದರು. ಅದನ್ನು ಮೇಲಿನ ಕ್ಯಾರಿಯರ್‌ಗೆ ಹಾಕಿ ಎಂದು ಕಂಡಕ್ಟರ್ ಹೇಳಿದರೆ, “ನಿಮ್ಮ ಚಿಲ್ಲರೆ ಚೀಲ ಮ್ಯಾಲ ಇಟ್ಟು ಬರ್ರಿ ಮೊದಲ” ಎನ್ನುತ್ತಿದ್ದರು.

ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲವಾದರೆ ನನ್ನ ಮೂರ್ಖತನದ ಪೂರ್ಣ ಸೌಂದರ್ಯ ನಿಮಗೆ ಕಾಣುವುದಿಲ್ಲ. ತಂತಿ ಹಾಕುವುದೆಂದರೆ ಪ್ರತಿ ಹಲ್ಲಿಗೂ ಅಕ್ಕಿಕಾಳಿಗಿಂತ ಕೊಂಚ ದಪ್ಪನೆಯ ಉಕ್ಕಿನ ಬ್ರ್ಯಾಕೆಟ್ ಅಂಟಿಸಿ, ಅವುಗಳೊಳಗೆ ತಂತಿ ಹಾಯಿಸುವುದು. ಬ್ರ್ಯಾಕೆಟ್‌ಗೆ ನಮ್ಮ ಜನ ‘ಗುಂಡಿ’ ಎನ್ನುತ್ತಿದ್ದರು. ಅಂಟಿಸುವ ಮೊದಲು ಹಲ್ಲಿಗೆ ಕೆಲವೇ ಕ್ಷಣ ಆಮ್ಲ ಸವರಿ ತೊಳೆಯುತ್ತಾರೆ. ನುಣುಪಾದ ಹಲ್ಲು ಅಷ್ಟರಲ್ಲಿ ಸ್ವಲ್ಪ ಒರಟಾಗುತ್ತದೆ, ಒರಟಾದಲ್ಲಿ ಅಂಟು ಹಿಡಿಯುತ್ತದೆ. ಹಲ್ಲು ಸಾಲಿಗೆ ಬರುವವರೆಗೆ, ಅಂದರೆ ಒಂದೂವರೆ ಎರಡು ವರ್ಷ, ಗುಂಡಿ ಬೀಳಬಾರದು. ಬಂದ ಮೇಲೆ ಒಂದೇ ದಿನ ಎಲ್ಲವನ್ನೂ ಕೀಳಬೇಕು, ಹಲ್ಲಿಗೆ ಗೊತ್ತಾಗದ ಹಾಗೆ ಕೀಳಬೇಕು.

“ಅಂಟಸೂದು ಯಾರಿಗಾದ್ರೂ ಬರ್ತೈತಿ” ಎಂದು ಮೊದಲ ದಿನವೇ ಬಾಯಾರು ನನಗೆ ಹೇಳಿದ್ದರು. “ಬಿಡೂ ದಿನಕ್ಕ ಬಿಡೂವಂಗ ಅಂಟಸೂದು ಐತೆಲ್ಲ, ಅದು ಕೆಲಸ. ಹಚ್ಚೂ ದಿನಾನ ಬಿಚ್ಚೂ ದಿನದ ವಿಚಾರ ಮಾಡಬೇಕು, ತಮ್ಮಾ.”

ನಾನು ಗಂಭೀರವಾಗಿ ತಲೆಯಾಡಿಸಿದೆ. ನನ್ನ ತಲೆ ಆಗ ಅದೊಂದೇ ಕೆಲಸಕ್ಕೆ ಉಪಯೋಗವಾಗುತ್ತಿತ್ತು.

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ದವಾಖಾನೆಯಲ್ಲಿ ಗುಂಡಿ ಉದುರುವ ಹಂಗಾಮೂ ಶುರು. ಮುಧೋಳದ ಹುಡುಗರ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿದ್ದರೆ ಹಿಂದಿನಿಂದ ಒಂದು ಗಣಿಕೆ ಎಳೆಯದೆ ಬಿಡುವವರಿಲ್ಲ. ಹಲ್ಲಿನಿಂದ ಸುಲಿದ ಕಬ್ಬಿನ ರುಚಿ ಕತ್ತಿಯಿಂದ ಸುಲಿದದ್ದಕ್ಕೆ ಬರುವುದೂ ಇಲ್ಲ. ಆಮೇಲೆ ಅಪ್ಪನ ಅಂಗಿಯ ಚುಂಗಿನಲ್ಲಿ ಗುಂಡಿ ಕಟ್ಟಿಕೊಂಡು ಬರುತ್ತಿದ್ದರು. ಬಾಯಾರು ವಕೀಲರ ಮಗಳಲ್ಲವೇ, ಪಾಟೀಸವಾಲು ಶುರುಮಾಡುತ್ತಿದ್ದರು.

“ಏನ್ ತಿಂದ್ಯೋ?”

“ಅನ್ನಾ ಸಾರ್ರಿ.”

“ಹಂಗಾರ ಈ ಗುಂಡ್ಯಾಗ ಕಬ್ಬಿನ ನಾರು ಎಲ್ಲಿಂದ ಬಂತು? ನಿಮ್ಮವ್ವ ಸಾರಿಗೆ ಕಬ್ಬು ಹಾಕ್ತಾಳೇನು?”

ಹುಡುಗ ನೆಲ ನೋಡುತ್ತಿದ್ದ, ಅಪ್ಪ ಮಗನ ತಲೆಗೆ ಒಂದು ಬಿಡುತ್ತಿದ್ದ. ಬಾಯಾರು ಮಾತ್ರ ಬೈಯುತ್ತಿರಲಿಲ್ಲ. “ಹೊಡೀಬ್ಯಾಡ್ರಿ. ಬಿದ್ದದ್ದು ಛಲೋನ ಆತು. ಅದು ಬೀಳಲಿಲ್ಲಂದ್ರ ಹಲ್ಲಿನ ಚಕ್ಕಿ ಎದ್ದು ಬರ್ತಿತ್ತು. ಗುಂಡಿ ಪೇಟ್ಯಾಗ ಸಿಗ್ತೈತಿ” ಎನ್ನುತ್ತಿದ್ದರು. ಅವರಿಗೇನು, ಸಮಾಧಾನ ಹೇಳಿ ಮುಂದಿನ ಪೇಶಂಟ್ ಕರೆಯುತ್ತಿದ್ದರು; ಮತ್ತೆ ಅಂಟಿಸುವವನು ನಾನು. ಬಿದ್ದ ಪ್ರತಿ ಗುಂಡಿಯೂ ನನ್ನ ಮರ್ಯಾದೆಯೇ ಅಂಗಿಯ ಚುಂಗಿನಲ್ಲಿ ಗಂಟಾಗಿ ಬಂದಂತೆ ಕಾಣುತ್ತಿತ್ತು. ‘ಆ ಉದ್ದನ್ನ ಡಾಕ್ಟರ್ ಹಚ್ಚಿದ್ದು ನಿಲ್ಲಂಗಿಲ್ಲ’ ಎಂದು ಮುಧೋಳದಲ್ಲಿ ಮಾತಾಗಿದೆ ಎಂದು ಅಪ್ಪ ಊಟದ ಹೊತ್ತಿಗೇ ಹೇಳುತ್ತಿದ್ದರು.

ಬಾಯಾರ ಹತ್ತಿರ ಒಂದು ವಿಚಿತ್ರ ಸಾಮಾನಿತ್ತು. ಗಡಿಯಾರ ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಭೂತಗನ್ನಡಿ. ಜಮಖಂಡಿ ಪೇಟೆಯಲ್ಲಿ ರಿಪೇರಿಯ ಅಂಗಡಿ ಮುಚ್ಚಿದವರೊಬ್ಬರಿಂದ ಕೊಂಡದ್ದು. ಯಾರ ಹಲ್ಲಿನಿಂದಲಾದರೂ ಗುಂಡಿ ಕಿತ್ತರೆ ಎಲ್ಲ ಡಾಕ್ಟರರೂ ಮೊದಲು ಹಲ್ಲು ನೋಡುತ್ತಾರೆ. ಬಾಯಾರು ಹಲ್ಲನ್ನು ಬಿಟ್ಟು ಕಿತ್ತ ಗುಂಡಿಯ ಬೆನ್ನನ್ನು ನೋಡುತ್ತಿದ್ದರು. ಕನ್ನಡಿ ಸಿಕ್ಕಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ. ಗುಂಡಿಯ ಬೆನ್ನು ಖಾಲಿ ಇದ್ದು ಅಂಟೆಲ್ಲ ಹಲ್ಲಿನ ಮೇಲೇ ಉಳಿದಿದ್ದರೆ “ಪಾಸ್” ಎನ್ನುತ್ತಿದ್ದರು. ಉಳಿದ ಅಂಟನ್ನು ಆಮೇಲೆ ನಿಧಾನಕ್ಕೆ ಕೆರೆದು ತೆಗೆಯಬಹುದು, ಹಲ್ಲಿಗೆ ಧಕ್ಕೆಯಿಲ್ಲ. ಅಂಟು ಗುಂಡಿಯ ಜೊತೆಗೇ ಬಂದಿದ್ದರೆ ಮಾತು ನಿಲ್ಲಿಸಿ ಬಹಳ ಹೊತ್ತು ನೋಡುತ್ತಿದ್ದರು. ನನಗೆ ಇದು ಉಲ್ಟಾ ಅನ್ನಿಸುತ್ತಿತ್ತು. ಅಂಟು ಗುಂಡಿಯ ಸಂಗಡವೇ ಪೂರಾ ಬಂದರೆ ಹಲ್ಲು ಸ್ವಚ್ಛ, ಕೆಲಸ ಕಡಿಮೆ ಅಲ್ಲವೇ? ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ.

ಶಿವಲೀಲಾ ಬಂದದ್ದು ಆ ಹಂಗಾಮಿನಲ್ಲೇ. ಬೀಳಗಿ ಕಡೆಯ ಹುಡುಗಿ, ಕಾಲೇಜಿಗೆ ಹೋಗುವ ವಯಸ್ಸು, ಜೊತೆಗೆ ಅವಳ ತಾಯಿ. ಬಂದಾಗಿನಿಂದ ಬಲಗೈ ಬಾಯಿಯ ಮೇಲೆ. ಹೆಸರು ಹೇಳುವಾಗಲೂ ಬೆರಳುಗಳ ಸಂದಿಯಿಂದ ಹೇಳಿದಳು. ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿದ್ದವು, ಮೇಲೆ ಸುಣ್ಣದಂಥ ಬಿಳಿ ಮಚ್ಚೆ; ಹಿಂದಿನ ಹಲ್ಲುಗಳು ಕಂದು.

ಬಾಯಾರು ಬಾಯಿ ತೆರೆಸಿ ನೋಡಿದರು. ಬೆಳಕು ಹತ್ತಿರ ತಂದರು. ಆಮೇಲೆ ತಾಯಿಯ ಕಡೆ ತಿರುಗಿ ಸಹಜವಾಗಿ ಕೇಳಿದರು: “ಇಕಿ ಮೂರು ವರ್ಷದಾಕಿ ಇದ್ದಾಗ ನೀವು ಊರು ಬಿಟ್ಟು ಮ್ಯಾಲ ಬಂದ್ರೇನು? ಮೊದಲ ಹೊಳಿ ನೀರು ಕುಡೀತಿದ್ರಿ, ಆಮ್ಯಾಲ ಬೋರಿನ ನೀರು. ಹೌದಿಲ್ಲೋ?”

ತಾಯಿ ಎದ್ದು ನಿಂತುಬಿಟ್ಟಳು. “ಖರೇರಿ ಬಾಯಾರ! ಹಿನ್ನೀರಾಗ ಊರು ಹೋತ್ರಿ, ದಿಬ್ಬದ ಮ್ಯಾಲ ಹೊಸಾ ಊರು ಕೊಟ್ರು. ನಿಮಗ ಯಾರು ಹೇಳಿದ್ರಿ?”

“ಇಕಿ ಹಲ್ಲು ಹೇಳಿದ್ವು.”

ನನ್ನನ್ನು ಕರೆದು ತೋರಿಸಿದರು. ಮುಂದಿನ ಹಲ್ಲಿನ ತುದಿ ಶುಭ್ರ. ಒಸಡಿನ ಕಡೆ ಹೋದಂತೆ ಸುಣ್ಣದ ಗೆರೆ. ಹಲ್ಲು ಒಸಡಿನೊಳಗೆ ತಯಾರಾಗುವಾಗ ತುದಿ ಮೊದಲು ಆಗುತ್ತದೆ, ಬುಡ ಆಮೇಲೆ. ತುದಿ ತಯಾರಾಗುವಾಗ ಕುಡಿದದ್ದು ಹೊಳೆ ನೀರು, ಬುಡ ತಯಾರಾಗುವಾಗ ಫ್ಲೋರೈಡ್ ಹೆಚ್ಚಿದ್ದ ಬೋರಿನ ನೀರು. ಇನ್ನೂ ತಡವಾಗಿ ತಯಾರಾದ ಹಿಂದಿನ ಹಲ್ಲುಗಳು ಅದಕ್ಕೇ ಪೂರಾ ಕಂದು. ಒಂದು ಊರು ಗುಡ್ಡ ಏರಿದ ವರ್ಷವನ್ನು ಅವರು ಬೆರಳಗಲದ ಜಾಗದಲ್ಲಿ ಓದಿಬಿಟ್ಟಿದ್ದರು. ಅದೇ ಹಲ್ಲನ್ನು ಐದು ನಿಮಿಷ ಮೊದಲು ಪರೀಕ್ಷಿಸಿ ನಾನು ‘ಸರಿಯಾಗಿ ಬ್ರಶ್ ಮಾಡಬೇಕು’ ಎಂದು ಸಲಹೆ ಕೊಟ್ಟಿದ್ದೆ.

“ಏನಾಗಬೇಕಂತಿ ಮುಂದ?” ಎಂದು ಬಾಯಾರು ಶಿವಲೀಲಾಳನ್ನು ಕೇಳಿದರು.

“ಸಾಲಿ ಕಲಸಾಕಿ ಆಗಬೇಕಂತೇನ್ರಿ. ಆದರ ಒಂದ ಕೈಯಾಗ ಖಡು ಹಿಡದು ಬೋರ್ಡ್ ಮ್ಯಾಲ ಬರೀಬೇಕು, ಒಂದ ಕೈ ಬಾಯಿಗೆ ಬೇಕು. ಪುಸ್ತಕಾ ಯಾವ ಕೈಯಾಗ ಹಿಡೀಲ್ರಿ?”

ಅವಳು ಚೇಷ್ಟೆಗೆ ಹೇಳಲಿಲ್ಲ. ನಿಜವಾಗಿಯೂ ಲೆಕ್ಕ ಹಾಕಿ ನೋಡಿದ್ದಳು. ಬಾಯಾರು ನಗಲಿಲ್ಲ. “ಆತು. ಒಂದ ಕೈ ಬಿಡಿಸಿಕೊಡೂಣು” ಎಂದರು.

ಮರುವಾರ ಗುಂಡಿ ಅಂಟಿಸುವ ದಿನ ಬಾಯಾರು ಹಿಂದಿನ ಹಲ್ಲುಗಳನ್ನೆಲ್ಲ ತಾವೇ ಮುಗಿಸಿದರು. ಮುಂದಿನ ನಾಲ್ಕು ಉಳಿದಾಗ ಕೆಳಗೆ ಯಾರದೋ ಮಗುವೊಂದು ಬಿದ್ದು ಹಲ್ಲು ಮುರಿದುಕೊಂಡು ಬಂತು. “ಇಂಥಾ ಹಲ್ಲಿಗೆ ಅಂಟು ಜಲ್ದಿ ಹಿಡಿಯಂಗಿಲ್ಲ. ಆಮ್ಲ ಒಂದೀಟು ಹೆಚ್ಚು ಹೊತ್ತು ಇರಲಿ. ಒಂದ ಈಟು” ಎಂದು ಹೇಳಿ ಅವರು ಪಕ್ಕದ ಕೋಣೆಗೆ ಹೋದರು.

ಒಂದೀಟು ಎಂದರೆ ಎಷ್ಟು? ನಾನು ಆಮ್ಲ ಸವರಿ, ಶಿವಲೀಲಾಳಿಗೆ ಬೇಸರವಾಗದಿರಲಿ ಎಂದು ನಮ್ಮ ಕಾಕಾನ ಎಮ್ಮೆ ಸಕ್ಕರೆ ಕಾರ್ಖಾನೆಗೆ ನುಗ್ಗಿದ ಕಥೆ ಹೇಳಲು ಶುರುಮಾಡಿದೆ. ಆ ಕಥೆಯಲ್ಲಿ ಎಮ್ಮೆ ಹೊರಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅದು ಬರುವವರೆಗೂ ಆಮ್ಲ ಹಲ್ಲಿನ ಮೇಲೇ ಇತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಾಧಾರಣ ಮೂರ್ಖನಾಗಿ ಉಳಿಯುತ್ತಿದ್ದೆ. ಆದರೆ ಎದುರಿನ ಕಪಾಟಿನಲ್ಲಿ ಇನ್ನೊಂದು ಸಿಮೆಂಟು ಕಂಡಿತು. ಹಲ್ಲಿಗೆ ಖಾಯಂ ಕ್ಯಾಪ್ ಕೂರಿಸುವಾಗ ಬಳಸುವಂಥದ್ದು. ಮನುಷ್ಯ ಹೋದರೂ ಕ್ಯಾಪ್ ಹೋಗಬಾರದು ಎಂದು ಮಾಡಿದ್ದು. ಹಂಗಾಮಿನ ಎಲ್ಲ ಅವಮಾನ ನೆನಪಾಯಿತು. ಈ ಹುಡುಗಿಯ ಗುಂಡಿ ಕಬ್ಬಿಗೆ ಹೋಗಲಿ, ಕಬ್ಬಿನ ಲಾರಿಗೂ ಬೀಳಬಾರದು ಎಂದು ನಿಶ್ಚಯಿಸಿ, ಗುಂಡಿಯ ಅಂಟನ್ನು ಬದಿಗಿಟ್ಟು, ನಾಲ್ಕೂ ಹಲ್ಲಿಗೆ ಅದನ್ನೇ ಹಾಕಿದೆ. ಮಿರ್ಚಿ ತಿಂದದ್ದು ಅಂದಿನ ಸಂಜೆ.

ಬೀಳಲಿಲ್ಲ. ಒಂದೂವರೆ ವರ್ಷ ಒಂದೂ ಬೀಳಲಿಲ್ಲ. ಅವಳು ಪ್ರತಿ ತಿಂಗಳು ಬಂದಾಗ ನಾನು ಕಾಲರ್ ಸರಿಮಾಡಿಕೊಳ್ಳುತ್ತಿದ್ದೆ. ಕಬ್ಬು ತಿಂದೆನೆಂದು ಅವಳೇ ಒಪ್ಪಿಕೊಂಡಳು, ಕಟಕ ರೊಟ್ಟಿಯನ್ನೂ ಕಡಿದಿದ್ದಳು. ಬಾಯಾರು ಮಾತ್ರ ಹುಬ್ಬು ಗಂಟಿಕ್ಕಿದರು.

“ಇಕಿ ಮುಂದಿನ ಗುಂಡಿ ಒಮ್ಮೆನೂ ಬಿದ್ದಿಲ್ಲಲ್ಲ?”

“ನಾನ ಹಚ್ಚೇನ್ರಿ ಮೇಡಂ” ಎಂದೆ, ಎದೆ ಉಬ್ಬಿಸಿ.

“ಬೀಳಲಾರದ್ದೂ ಒಂದು ರೋಗ, ತಮ್ಮಾ” ಎಂದರು. ಅದನ್ನು ನಾನು ಹೊಗಳಿಕೆ ಎಂದು ತಿಳಿದೆ.

ಬಿಚ್ಚುವ ದಿನ ಬಂತು. ಶಿವಲೀಲಾ ಒಬ್ಬಳೇ ಬಂದಿದ್ದಳು. ಶಿಕ್ಷಕಿಯ ತರಬೇತಿಗೆ ಸೀಟು ಸಿಕ್ಕಿತ್ತು, ಮುಂದಿನ ವಾರ ಹೋಗಬೇಕಿತ್ತು. ಹಲ್ಲುಗಳು ಸಾಲಾಗಿ ನಿಂತಿದ್ದವು. ಬಾಯಾರು ಹಿಂದಿನವನ್ನೆಲ್ಲ ತೆಗೆದರು, ಒಂದೊಂದರ ಬೆನ್ನು ನೋಡಿದರು, ಪಾಸ್ ಎಂದರು. ಮುಂದಿನ ನಾಲ್ಕು ಬಂದಾಗ ಇಕ್ಕಳ ನನ್ನ ಕೈಗೆ ಕೊಟ್ಟರು. “ನೀ ಹಚ್ಚೀದಿ, ನೀನ ತಗಿ.”

ಹಿಡಿದು ಅಮುಕಿದೆ. ಬರಲಿಲ್ಲ. ಇನ್ನೂ ಅಮುಕಿದೆ. ಗುಂಡಿ ನನ್ನ ನಿಷ್ಠಾವಂತ ನೌಕರನಂತೆ ಜಾಗ ಬಿಡಲಿಲ್ಲ. ತಿರುವಬಾರದು ಎಂದು ಬಾಯಾರು ನೂರು ಸಲ ಹೇಳಿದ್ದರು, ನಾನು ತಿರುವಿದೆ. ಶೇಂಗಾ ಸಿಪ್ಪೆ ಒಡೆದ ಹಾಗೆ ‘ಟಕ್’ ಎಂದಿತು. ಕೈಗೆ ಬಂತು. ಹಲ್ಲಿನ ಮೇಲೆ ಆ ಜಾಗದಲ್ಲಿ ಚೂರೂ ಅಂಟಿಲ್ಲ!

“ಎಷ್ಟು ಸ್ವಚ್ಛ ಬಂತು ನೋಡ್ರಿ ಮೇಡಂ!” ಎಂದು ಗುಂಡಿಯನ್ನು ಅವರ ಅಂಗೈಗೆ ಪ್ರಸಾದದಂತೆ ಹಾಕಿದೆ.

ಅವರು ಕನ್ನಡಿ ಸಿಕ್ಕಿಸಿಕೊಂಡು ಪಕ್ಕದ ಕೋಣೆಯ ಕಿಟಕಿಯ ಹತ್ತಿರ ಹೋದರು. ಕೆಳಗೆ ಅರಿವೆ ಅಂಗಡಿಯವನು ಬಟ್ಟೆಯ ಥಾನು ಬಿಚ್ಚುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತಾಯಿತು.

“ತಮ್ಮಾ, ಇಲ್ಲಿ ಬಾ. ಇದರ ಬೆನ್ನ ಮ್ಯಾಲ ಬೆಳ್ಳಗ ಏನೈತಿ?”

“ಅಂಟರಿ ಮೇಡಂ.”

ಕನ್ನಡಿಯನ್ನು ನನ್ನ ಕಣ್ಣಿಗೆ ಕೊಟ್ಟರು. ಗಟ್ಟಿ ಅಂಟಿನ ಮೇಲೆ ಎಳ್ಳಿನ ಸಿಪ್ಪೆಯಂಥ ತೆಳ್ಳನೆಯ ಚಕ್ಕೆ, ಬೆಳಕು ಬಿದ್ದರೆ ಒಳಗಿನಿಂದ ಹೊಳೆಯುವಂಥದ್ದು.

“ಅದು ಅಂಟಲ್ಲ” ಎಂದು ಮೆಲ್ಲಗೆ ಹೇಳಿದರು. “ಅದು ಶಿವಲೀಲಾ.”

ಬಾಯಾರು ದನಿ ಏರಿಸಲಿಲ್ಲ. “ಎಲವು ಮುರಿದ್ರ ಕೂಡ್ತೈತಿ. ಚರ್ಮ ಹರಿದ್ರ ಮುಚ್ಚತೈತಿ. ಇದೊಂದು ತಿರುಗಿ ಬರಂಗಿಲ್ಲ. ಹಲ್ಲಿನ ಮ್ಯಾಲಿನ ಈ ಹೊದಿಕಿ ಕಟ್ಟಿದ ಕೂಲಿಯವರು, ಹಲ್ಲು ಬಾಯಾಗ ಮೂಡೂದರಾಗ ಕೆಲಸ ಮುಗಿಸಿ ಹೋಗಿಬಿಡ್ತಾರ. ನೀ ಎಷ್ಟ ಕರದ್ರೂ ಬರಂಗಿಲ್ಲ.” ಆಮೇಲೆ: “ಏನ್ ಹಚ್ಚಿದ್ದಿ, ಖರೆ ಹೇಳು.”

ಎಮ್ಮೆಯ ಕಥೆಯಿಂದ ಹಿಡಿದು ಕಪಾಟಿನ ಸಿಮೆಂಟಿನವರೆಗೆ ಎಲ್ಲ ಹೇಳಿದೆ. ಜೀವನದಲ್ಲಿ ಮೊದಲ ಸಲ ನನ್ನ ಕಥೆಯೊಂದು ನನಗೇ ತಮಾಷೆ ಅನ್ನಿಸಲಿಲ್ಲ. ಅವರು ಕೇಳಿ ಮುಗಿಸಿ, “ಕೆಳಗ ಹೋಗಿ ಮೂರು ಚಾ ತಗೊಂಡು ಬಾ” ಎಂದರು. ದವಾಖಾನೆಯೊಳಗೆ ಅವರು ಚಹಾ ಕುಡಿದದ್ದನ್ನು ನಾನು ನೋಡಿರಲಿಲ್ಲ. ಇದು ಹೊರಗೆ ಹಾಕುವ ಸಭ್ಯ ರೀತಿ ಇರಬೇಕು ಅಂದುಕೊಂಡೆ. ಚಹಾದ ಅಂಗಡಿಯಲ್ಲಿ ನಿಂತು ಬಸ್ಸು ಹತ್ತಿ ಮುಧೋಳಕ್ಕೆ ಹೋಗಿಬಿಡಲೇ ಎಂದು ಯೋಚಿಸಿದೆ. ಅಪ್ಪನಿಗೆ ಕಬ್ಬು ಕಡಿಯಲು ಆಳು ಬೇಕಾಗಿದ್ದರು. ಆದರೆ ಕೈಯಲ್ಲಿ ಮೂರು ಚಹಾ ಹಿಡಿದುಕೊಂಡು ಓಡಿಹೋದ ಇತಿಹಾಸ ಎಲ್ಲಿಯೂ ಇಲ್ಲ. ತಿರುಗಿ ಮೆಟ್ಟಿಲು ಹತ್ತಿದೆ.

ಬಾಯಾರು ಕುರ್ಚಿಯ ಪಕ್ಕ ನನ್ನ ಸ್ಟೂಲನ್ನು ಸರಿಸಿಟ್ಟಿದ್ದರು. “ಕೈ ತೊಳಕೋ. ಉಳಿದ ಮೂರು ನೀನ ತಗಿ.”

“ನಾ ವಲ್ಲೆರಿ ಮೇಡಂ.”

“ತೊಳಕೋ ಅಂದೆ.”

ಶಿವಲೀಲಾ ಕಣ್ಣು ಮುಚ್ಚಿಕೊಂಡಿದ್ದಳು. ಪಾಪ, ಇವಳಿಗೆ ಏನಾಗಿದೆಯೆಂದೇ ಗೊತ್ತಿಲ್ಲ ಎಂದುಕೊಂಡೆ. ಬಾಯಾರು ಬೆನ್ನ ಹಿಂದೆ ನಿಂತು ಎರಡು ಬೆರಳನ್ನು ನನ್ನ ಮುಂಗೈ ಮೇಲೆ ಇಟ್ಟರು, ನಾಡಿ ನೋಡುವವರ ಹಾಗೆ. ಅವರು ಹೇಳುತ್ತ ಹೋದರು: ಎಳೆಯಬೇಡ. ಗುಂಡಿಯ ಸುತ್ತಲಿನ ಸಿಮೆಂಟನ್ನು ಬರ್ ಎಂಬ ಸಣ್ಣ ಕೊರೆಮೊನೆಯಿಂದ, ನೀರು ಬಿಡುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆರೆ. ಉಕ್ಕನ್ನು ಕೊರೆದು ಬಲ ತಗ್ಗಿಸು. ಆಮೇಲೆ ಎರಡೂ ಬದಿಯಿಂದ ಅಮುಕಿ ಗುಂಡಿಯನ್ನೇ ಮಡಚು. “ಗುಂಡಿ ಹಾಳಾಗ್ಲಿ. ಹಲ್ಲಿಗೆ ಸುದ್ದಿ ಮುಟ್ಟಬಾರದು.” ನನ್ನ ಕೈ ಅವಸರ ಮಾಡಿದಾಗ ಆ ಬೆರಳುಗಳು ಒತ್ತುತ್ತಿದ್ದವು, ನಾನು ನಿಲ್ಲುತ್ತಿದ್ದೆ, ಸಡಿಲವಾದಾಗ ಮುಂದುವರಿಯುತ್ತಿದ್ದೆ. ಚಹಾದ ಮೇಲೆ ಕೆನೆ ಕಟ್ಟಿತು. ಕಿಟಕಿಯ ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿಯಿತು. ಮಡಚಿದ ಗುಂಡಿಯೊಂದು ಸದ್ದಿಲ್ಲದೆ ಕೈಗೆ ಬಂತು. ಬಾಯಾರು ಅದನ್ನು ಬೆಳಕಿಗೆ ಹಿಡಿದರು.

“ಪಾಸ್.”

ಎರಡನೆಯದೂ ಪಾಸ್. ಮೂರನೆಯದಕ್ಕೆ ಅವರು ಬೆರಳು ತೆಗೆದುಬಿಟ್ಟಿದ್ದರು. ಯಾವಾಗ ತೆಗೆದರೋ ನನಗೆ ಗೊತ್ತಾಗಲಿಲ್ಲ.

ಚಕ್ಕೆ ಎದ್ದ ಹಲ್ಲನ್ನು ಅವರೇ ತುಂಬಿದರು. ಬರೀ ಬಿಳಿ ತುಂಬಿದ್ದರೆ ತೇಪೆ ಎದ್ದು ಕಾಣುತ್ತಿತ್ತು. ಅವರು ಪಕ್ಕದ ಹಲ್ಲನ್ನು ನೋಡಿ ನೋಡಿ, ತುದಿಗೆ ಶುಭ್ರ, ಬುಡದತ್ತ ಸುಣ್ಣದ ಗೆರೆ, ಹೊಳೆ ನೀರು ಮುಗಿದು ಬೋರಿನ ನೀರು ಶುರುವಾಗುವ ಜಾಗ, ಎಲ್ಲವನ್ನೂ ಕೂದಲಿನಂಥ ಬ್ರಶ್ಶಿನಿಂದ ಬರೆದರು. ಮುಗಿದ ಮೇಲೆ ನಾನು ಕನ್ನಡಿ ಹಾಕಿಕೊಂಡು ನೋಡಿದೆ. ಯಾವ ಹಲ್ಲು ನಾನು ಕೆಡಿಸಿದ್ದು ಎಂದು ನನಗೇ ಹುಡುಕಲಾಗಲಿಲ್ಲ.

ನನ್ನನ್ನು ಕೆಲಸದಿಂದ ಬಿಡಿಸುತ್ತಾರೆ ಎಂದುಕೊಂಡು ಕೋಟು ಮಡಚಿಡುತ್ತಿದ್ದೆ. ಬಾಯಾರು ಡಬ್ಬಿ ಮುಚ್ಚುತ್ತ, “ನಾಳಿಗೆ ರಬಕವಿ. ಮುಂಜಾನೆ ಬಸ್ಸಿಗೆ ಬಾ, ತಡಾ ಮಾಡಬ್ಯಾಡ” ಎಂದರು, ಅಷ್ಟೇ. ಆಮೇಲೆ ನಾಲ್ಕು ವರ್ಷ ಅವರ ಹತ್ತಿರ ಇದ್ದೆ. ಆ ಮಾತು ಮತ್ತೆ ಎತ್ತಲಿಲ್ಲ. ಈಗ ಮುಧೋಳದಲ್ಲಿ ನನ್ನದೇ ದವಾಖಾನೆ ಇದೆ, ಅವ್ವ ಕೂಡ ಬಾಯಿ ತೋರಿಸುತ್ತಾಳೆ. ಕಬ್ಬಿನ ಹಂಗಾಮಿನಲ್ಲಿ ಗುಂಡಿ ಉದುರಿದರೆ ಒಳಗೊಳಗೇ ಸಮಾಧಾನವಾಗುತ್ತದೆ.

ಹೋದ ತಿಂಗಳು ಬಾಯಾರು ತೀರಿಕೊಂಡರು. ಸುದ್ದಿ ಕೇಳಿ ಜಮಖಂಡಿಗೆ ಓಡಿದೆ. ಮನೆಯ ಅಂಗಳದ ತುಂಬ ಜನ. ಅಳುವಾಗ ತೆರೆದ ಬಾಯಿಗಳನ್ನು ನೋಡಿದೆ. ಎಲ್ಲರ ಹಲ್ಲೂ ಎಷ್ಟು ನೆಟ್ಟಗಿದ್ದವೆಂದರೆ, ಅಷ್ಟು ದುಃಖದಲ್ಲೂ ನನಗೆ ಹೆಮ್ಮೆಯಾಯಿತು. ಕಟ್ಟೆಯ ಮೇಲೆ ಕುಳಿತಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಗುರುತಿಸಿ ಕರೆದಳು. ಶಿವಲೀಲಾ. ಈಗ ರಬಕವಿಯಲ್ಲಿ ಸಾಲಿ ಕಲಿಸುತ್ತಾಳೆ, ಅವಳೂ ಈಗ ಬಾಯಾರೇ. ಎರಡೂ ಕೈ ತೊಡೆಯ ಮೇಲಿದ್ದವು.

ಮಾತಿಗೆ ಮಾತು ಬಂದು, ಆ ದಿನದ ಸಂಗತಿಯನ್ನು ಈಗಲಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. “ಬಾಯಾರ, ನಿಮಗ ಗೊತ್ತಿಲ್ಲ, ನಿಮ್ಮ ಹಲ್ಲು ಅವತ್ತ ನಾ...”

“ಗೊತ್ತೈತ್ರಿ ಸರ” ಎಂದಳು. “ನೀವು ಚಾ ತರಾಕ ಹೋದಾಗ ಎಲ್ಲಾ ಹೇಳಿದ್ರು. ಆ ಭೂತಗನ್ನಡಿ ಕೊಟ್ಟು ಆ ಚಕ್ಕಿನೂ ತೋರಿಸಿದ್ರು. ಆಮ್ಯಾಲ ಕೇಳಿದ್ರು: ‘ಉಳಿದ ಮೂರು ನಾ ತಗದ್ರ ನಿನ್ನ ಹಲ್ಲಿಗೆ ಪೂರಾ ಖಾತ್ರಿ. ಅವ ತಗದ್ರ ನಾ ಹಿಂದ ನಿಂತಿರ್ತೇನಿ, ಆದರೂ ಅಷ್ಟು ಖಾತ್ರಿ ಇಲ್ಲ. ಇವತ್ತ ಅವನ ಕೈಲೆ ತಗಸಲಿಲ್ಲಂದ್ರ ಆ ಕೈ ಮುಂದ ಎಂದೂ ಧೈರ್ಯಾ ಮಾಡಂಗಿಲ್ಲ. ಹಲ್ಲು ನಿಂದು. ನೀ ಹೇಳಿದಂಗ ಮಾಡೂಣು.’”

ನಾನು ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತುಬಿಟ್ಟೆ.

“ನೀವು ಏನಂದ್ರಿ?”

“ಅವರ ಕೈಲೆ ತಗಸ್ರಿ ಅಂದೆ” ಎಂದಳು ಶಿವಲೀಲಾ. “ನಾನೂ ಸಾಲಿ ಕಲಸಾಕಿ ಆಗಾಕಿ ಇದ್ನೆಲ್ರಿ ಸರ. ತಪ್ಪು ಬರದ ಹುಡುಗನ ಕೈಯಾಗಿನ ಖಡು ಕಸಗೊಂಡ್ರ, ಅವ ಮತ್ತ ಬೋರ್ಡಿಗೆ ಬರ್ತಾನೇನ್ರಿ?”